ಸಪ್ತಮಿ ಮುಗಿದ ಹೊತ್ತು

ಈ ಫ್ಲಾಪಿಯೊಳಗೆ ಏನೂ ಉಳಿದಿರದಿದ್ದರೇ ಒಳ್ಳೆಯದೇನೋ. ಹೀಗೆ ಯಾಕೆ ಅನ್ನಿಸುತ್ತಿದೆಯೆಂದು ಮುಕುಂದನಿಗೆ ತಿಳಿಯಲಿಲ್ಲ. ತಂದೆ ಕೇಳಿದ್ದು ಒಂದೇ ಒಂದು ಹಾಳೆ. ಸವದತ್ತಿ ಬಸ್ ನಿಲ್ದಾಣದ ಎದುರು ಝೆರಾಕ್ಸ್ ಅಂಗಡಿ ಇಟ್ಟುಕೊಂಡು ಊರಿನವರ ಪಹಣಿ, ಆಧಾರು, ಲಗ್ನಪತ್ರಿಕೆ ಎಲ್ಲ ಮುದ್ರಿಸಿ ಕೊಡುವವನು ಹೆತ್ತ ತಂದೆಗೆ ಒಂದು ಹಾಳೆ ಕೊಡಲಾರನೇ? ಕೊಡಬಹುದು. ಆದರೂ ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ, ಹಳೆಯ ಮಾರ್ಕ್ಸ್ ಕಾರ್ಡುಗಳ ಕೆಳಗೆ, ಅಂಗೈಗಿಂತ ಅಗಲವಾದ ಆ ನಾಲ್ಕು ಕರಿಯ ಚೌಕಗಳು ಕಂಡಾಗ ಅವನ ಎದೆಯೊಳಗೆ ಏನೋ ಒಂದು ಹೆಜ್ಜೆ ಹಿಂದೆ ಸರಿಯಿತು. ಒಂದರ ಮೇಲೆ ತಂದೆಯ ದುಂಡನೆಯ ಅಕ್ಷರ: ತಿಥಿ ಗಣಿತ, ಪುಷ್ಯ.

“ಸಿಕ್ಕವೇನೋ?” ಹೊರಕೋಣೆಯಿಂದ ತಂದೆ ತ್ರ್ಯಂಬಕ ಮಾಸ್ತರರು ಕೇಳಿದರು.

“ಸಿಕ್ಕಾವಪ್ಪಾ.”

“ನಾ ಹೇಳಿರಲಿಲ್ಲಾ? ನಾ ಇಟ್ಟದ್ದು ಎಲ್ಲೂ ಹೋಗೂದಿಲ್ಲ.”

“ನೀವು ಇಟ್ಟದ್ದು ಹೋಗೂದಿಲ್ರಿ,” ಭಕ್ಕರಿ ಬಡಿಯುವುದನ್ನು ನಿಲ್ಲಿಸದೆ ಒಳಗಿನಿಂದ ಅವನ ತಾಯಿ ಕಮಲಾಬಾಯಿ ಅಂದರು. “ನೀವು ಬಿಟ್ಟದ್ದು ಹೋಗತದ.”

ಎಂಬತ್ತೆರಡರ ಮಾಸ್ತರರಿಗೆ ಕಣ್ಣು ಮಂಜಾಗಿತ್ತು. ಕಿವಿ ಮಾತ್ರ ಬೇಕಾದಾಗ ಮಂಜಾಗುತ್ತಿತ್ತು.

ಅವರು ಬಿಟ್ಟದ್ದು ಏನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ರಾಮದುರ್ಗದಲ್ಲಿರುವ ಒಡಹುಟ್ಟಿದ ತಮ್ಮ, ಸುಭಾಸ. ಇಪ್ಪತ್ತೆಂಟು ವರ್ಷದ ಹಿಂದೆ ಪುಷ್ಯದ ಚಳಿಯಲ್ಲಿ, ನಸುಕಿನ ನಾಲ್ಕು ಇಪ್ಪತ್ತಕ್ಕೆ ಅವರಿಬ್ಬರ ತಾಯಿ ಇದೇ ಮನೆಯಲ್ಲಿ ತೀರಿಕೊಂಡಳು. ಹೊತ್ತಿನ ಬಗ್ಗೆ ಯಾರದೂ ತಕರಾರಿಲ್ಲ. ಮಾಸ್ತರರು ಕೈಗಡಿಯಾರ ನೋಡಿ ದೇವರಕೋಣೆಯ ಗೋಡೆಯ ಮೇಲೆ ಸೀಸಪೆನ್ಸಿಲಿನಿಂದ ಬರೆದಿದ್ದರು. ಸುಣ್ಣ ಹಚ್ಚುವವರು ಪ್ರತಿಸಲ ಅಷ್ಟು ಜಾಗ ಬಿಟ್ಟು ಹಚ್ಚುತ್ತಾರೆ. ತಕರಾರು ಇದ್ದದ್ದು ತಿಥಿಯದು. ಉಸಿರು ನಿಂತ ಗಳಿಗೆಯಲ್ಲಿ ಯಾವ ತಿಥಿಯಿತ್ತೋ ವರ್ಷವರ್ಷವೂ ಅದೇ ತಿಥಿಗೆ ಶ್ರಾದ್ಧ. ಅಂಗಡಿಯಲ್ಲಿ ಸಿಗುವ ಪಂಚಾಂಗ, ಸಪ್ತಮಿ ಐದು ಗಂಟೆ ಮೂರು ನಿಮಿಷದವರೆಗೂ ಇದೆ ಅಂದಿತು. ಹಾಗಾದರೆ ತಾಯಿ ಹೋದದ್ದು ಸಪ್ತಮಿಗೆ. ಆದರೆ ಮಾಸ್ತರರು ಗಣಿತ ಕಲಿಸುವವರು. ಹಳೆ ಪದ್ಧತಿಯ ಪಂಚಾಂಗ ನಂಬುವವರಲ್ಲ. ಅವರ ಹೈಸ್ಕೂಲಿಗೆ ಆಗಷ್ಟೇ ಒಂದು ಕಂಪ್ಯೂಟರು ಬಂದಿತ್ತು. ಸಾಲುಗಳೂ ಕಾಲಮ್ಮುಗಳೂ ಇರುವ ಲೋಟಸ್ ಎಂಬ ಪ್ರೋಗ್ರಾಮಿನಲ್ಲಿ ಚಂದ್ರನ ಗತಿ, ಸೂರ್ಯನ ಗತಿ ಎಲ್ಲ ತುಂಬಿ ಅವರೇ ಲೆಕ್ಕ ಹಾಕಿದರು. ಬಿ.ಎಸ್ಸಿ. ಓದುತ್ತಿದ್ದ ಮುಕುಂದ ಕೂತು ಟೈಪ್ ಮಾಡಿದ. ಸಪ್ತಮಿ ನಾಲ್ಕು ಗಂಟೆ ಎರಡು ನಿಮಿಷಕ್ಕೇ ಮುಗಿದಿದೆ ಎಂದು ಪರದೆಯ ಮೇಲೆ ಬಂತು. ಅಂದರೆ ತಾಯಿ ಹೋದದ್ದು ಅಷ್ಟಮಿಗೆ.

“ಅಣ್ಣಾ, ಕಾಗದದ ಮ್ಯಾಲೆ ತೋರಸು, ಒಪ್ಪತೀನಿ,” ಅಂದಿದ್ದ ಸುಭಾಸ.

“ನನ್ನ ಮಾತಿಗೆ ಕಾಗದ ಬೇಕೇನೋ ನಿನಗ?” ಅಂದಿದ್ದರು ಮಾಸ್ತರರು.

ಅಷ್ಟೇ. ಮುಂದೆ ಒಬ್ಬಳೇ ತಾಯಿಗೆ ರಾಮದುರ್ಗದಲ್ಲಿ ಸಪ್ತಮಿಗೆ ಒಂದು ಎಲೆ, ಸವದತ್ತಿಯಲ್ಲಿ ಅಷ್ಟಮಿಗೆ ಒಂದು ಎಲೆ. “ಪಾಪ, ನಮ್ಮತ್ತಿ ವರ್ಷಾ ಎರಡು ಬಸ್ ಹತ್ತತಾಳ,” ಎಂದು ಕಮಲಾಬಾಯಿ ನಗುತ್ತ ಹೇಳಲು ಶುರುಮಾಡಿದ್ದು ಬರಬರುತ್ತ ನಗದೆ ಹೇಳುವ ಮಾತಾಯಿತು. ಸುಭಾಸನ ಇಬ್ಬರು ಹೆಣ್ಣುಮಕ್ಕಳ ಮದುವೆಗೂ ಈ ಮನೆಯಿಂದ ಯಾರೂ ಹೋಗಲಿಲ್ಲ. ಕಮಲಾಬಾಯಿ ಮಾತ್ರ ಯರಗಟ್ಟಿ ಸಂತೆಯ ನೆವ ಮಾಡಿ ನೆಗೆಣ್ಣಿಯನ್ನು, ಸುಭಾಸನ ಹೆಂಡತಿಯನ್ನು, ವರ್ಷಕ್ಕೊಮ್ಮೆ ಬಸ್ ನಿಲ್ದಾಣದಲ್ಲಿ ಕಂಡು ಬರುತ್ತಿದ್ದರು. ಯರಗಟ್ಟಿಯಿಂದ ಅವರು ತರುತ್ತಿದ್ದ ಕಾಯಿಪಲ್ಲೆ ಸವದತ್ತಿಯಲ್ಲೂ ಸಿಗುತ್ತದೆಂದು ಗೊತ್ತಿದ್ದೂ ಮಾಸ್ತರರು ಕೇಳುತ್ತಿರಲಿಲ್ಲ.

ಈಗ ಸುಭಾಸನಿಗೆ ಎರಡೂ ಮೂತ್ರಪಿಂಡ ಹೋಗಿದ್ದವು. ವಾರಕ್ಕೆರಡು ಸಲ ಡಯಾಲಿಸಿಸ್. ಅಮಾಸಿಯ ಮರುದಿನ ಅವನೇ ಫೋನು ಮಾಡಿ ಕಮಲಾಬಾಯಿಗೆ ಹೇಳಿದ್ದ: “ವೈನೀ, ಈ ವರ್ಷ ಅವ್ವನ ಶ್ರಾದ್ಧ ಕೂಡಿ ಮಾಡೋಣು. ಮುಂದಿನ ವರ್ಷಕ್ಕ ನಾ ಇರೂದಿಲ್ಲ. ಅಣ್ಣ ಆ ಕಾಗದ ತೋರಸಲಿ, ಅಷ್ಟಮಿಗೇ ಬರತೀನಿ. ತೋರಸದನ ಬಂದರ ಇಷ್ಟು ವರ್ಷ ಮಾಡಿದ್ದು ಏನಾತು, ಹೇಳ್ರಿ.”

ಭಕ್ಕರಿ, ಬದನೆಕಾಯಿ ಪಲ್ಯ ಬಡಿಸಿದ ಮೇಲೆ ಮಾಸ್ತರರು ಎರಡು ತುತ್ತು ತಿಂದು ಕೈ ನಿಲ್ಲಿಸಿದರು.

“ಮುಕುಂದಾ, ಅದರಾಗ ಹೆಂಗಿತ್ತೋ ಹಂಗ ಬರಬೇಕು. ಸಾಲು, ಗೆರಿ, ಎಲ್ಲಾ. ನೀ ಮತ್ತ ಹೊಸದಾಗಿ ಟೈಪ್ ಮಾಡಿದಿ ಅಂದ್ರ ಅಂವಾ ನಂಬೂದಿಲ್ಲ. ನಾನೂ ನಂಬೂದಿಲ್ಲ.”

“ಆಗಿನ ಪ್ರೋಗ್ರಾಮು ಈಗಿನ ಮಶೀನಿನಾಗ ನಡಿಯೂದಿಲ್ಲಪ್ಪಾ.”

“ಯಾಕ ನಡಿಯೂದಿಲ್ಲ? ಎರಡಕ್ಕ ಎರಡು ಕೂಡಿದರ ಈಗೂ ನಾಲ್ಕ ಅಲ್ಲೇನು?”

ಮುಕುಂದನ ಹೆಂಡತಿ ವರದಾ ಮಜ್ಜಿಗೆ ಹಾಕುತ್ತ ಸಣ್ಣ ದನಿಯಲ್ಲಿ, “ಒಂದು ಕಾಗದ ಅಂದೇ ಕೊಟ್ಟಿದ್ದರ ಇಷ್ಟೆಲ್ಲಾ ಇರತಿರಲಿಲ್ಲ,” ಅಂದಳು.

“ಏನಂದಿ?”

“ಮಜ್ಜಿಗಿ ಹಾಕಲೇನ್ರಿ ಮಾವನವರ ಅಂದೆ.”

*

ಅಂಥ ದೊಡ್ಡ ಫ್ಲಾಪಿ ಓದುವ ಯಂತ್ರ ಸವದತ್ತಿಯಲ್ಲಿರಲಿಲ್ಲ. ಧಾರವಾಡದಲ್ಲಿ ವಿಚಾರಿಸಿದರೆ ನಕ್ಕರು. ಬೈಲಹೊಂಗಲದಲ್ಲಿ ನಿಜಗುಣಪ್ಪ ಎಂಬವನ ಹತ್ತಿರ ಇದ್ದರೆ ಇದ್ದೀತು ಎಂದು ಯಾರೋ ಹೇಳಿದರು. ಒಂದು ಕಾಲಕ್ಕೆ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಅವನು ಈಗ ಮೊಬೈಲ್ ಕವರು ಮಾರುತ್ತಿದ್ದ. ಫ್ಲಾಪಿ ಕಂಡೊಡನೆ ಗಿರಾಕಿಯನ್ನು ಅಲ್ಲೇ ಬಿಟ್ಟು ಎದ್ದು ಬಂದ.

“ಬರ್ರಿ ಬರ್ರಿ, ಕುಂಡ್ರಿ. ಇದನ್ನ ನೋಡಿ ಹದಿನೈದು ವರ್ಷ ಆತು ನೋಡ್ರಿ!” ಮೂಗಿಗೆ ಹಿಡಿದು ಮೂಸಿದ. “ಬೂಷ್ಟ ಹಿಡದೈತಿ. ಇದು ಫ್ಲಾಪಿ ಅಲ್ರಿ ಸಾಹೇಬ್ರ, ಹಪ್ಪಳ ಆಗೇತಿ.”

“ಬರೂದಿಲ್ಲ ಅಂದ್ರ ಬಿಡ್ರಿ. ಹಂಗ ಹೇಳಿಬಿಡತೀನಿ ಮನ್ಯಾಗ,” ಅಂದ ಮುಕುಂದ. ತನ್ನ ದನಿಯಲ್ಲಿ ಆಸೆಯಿದ್ದದ್ದು ಅವನಿಗೇ ಕೇಳಿಸಿತು.

“ಏ, ಹಂಗ ಬಿಡಾಕ ಆಗತೈತೇನ್ರಿ? ಬಂದದ್ದು ಬಂದೀರಿ.”

ಹಿಂದಿನ ಕೋಣೆಯಲ್ಲಿ ಗೋಣಿಚೀಲ ಹೊದ್ದು ಕೂತಿದ್ದ ಹಳೆಯ ಯಂತ್ರವನ್ನು ನಿಜಗುಣಪ್ಪ ಎಬ್ಬಿಸಿದ. ಹತ್ತಿಗೆ ಸ್ಪಿರಿಟ್ ಹಚ್ಚಿ, ಫ್ಲಾಪಿಯ ಒಳಗಿನ ತಟ್ಟೆಯನ್ನು ಕೈಕೂಸಿನ ಕಿವಿ ಒರೆಸುವಂತೆ ಒರೆಸಿದ. ಮೊದಲನೆಯದು ಓದಲಿಲ್ಲ. ಎರಡನೆಯದು, ಮೂರನೆಯದು ಓದಲಿಲ್ಲ. ನಾಲ್ಕನೆಯದು, ತಂದೆಯ ಅಕ್ಷರವಿದ್ದದ್ದು, ಗರಗರ ಸದ್ದು ಮಾಡಿ, ನಿಂತು, ಮತ್ತೆ ಸದ್ದು ಮಾಡಿ ತೆರೆಯಿತು. ದೊಡ್ಡದರಿಂದ ಸಣ್ಣ ಫ್ಲಾಪಿಗೆ, ಸಣ್ಣದರಿಂದ ಪೆನ್ ಡ್ರೈವಿಗೆ ಫೈಲು ಇಳಿಯಿತು. ಆ ಕಾಲದ ಲೋಟಸ್ಸನ್ನೂ ತನ್ನ ಸಂಗ್ರಹದಿಂದ ಹುಡುಕಿ ಹಾಕಿಕೊಟ್ಟ.

“ನೋಡ್ರಿ, ತೆರಿಯೂದು ಏನ ದೊಡ್ಡದಲ್ಲ. ಪ್ರಿಂಟ್ ತಗಿಯೂದರಾಗ ನಿಮ್ಮ ಜೀವಾ ಹೋಗತೈತಿ. ಆಗಿನ ಪ್ರೋಗ್ರಾಮಿಗೆ ಈಗಿನ ಪ್ರಿಂಟರ್ ಅಂದ್ರ ಯಾರಂತ ಗುರ್ತ ಇಲ್ಲ.” ಎಷ್ಟು ಕೊಡಲಿ ಎಂದು ಕೇಳಿದರೆ ಕೈಮುಗಿದ. “ಬ್ಯಾಡ್ರಿ. ಸತ್ತದ್ದು ಎದ್ದು ಮಾತಾಡಿತಲ್ಲ, ಅಷ್ಟ ಸಾಕು.”

*

ನಿಜಗುಣಪ್ಪ ಹೇಳಿದಂತೆಯೇ ಆಯಿತು. ಅಂಗಡಿಯ ಹೊಸ ಕಂಪ್ಯೂಟರು ಫೈಲನ್ನು ನೇರವಾಗಿ ತೆರೆಯಲು ಒಪ್ಪಲಿಲ್ಲ. ಬಿ.ಸಿ.ಎ. ಓದುವ ಮಗಳು ಶೀತಲ ಕಾಲೇಜು ಮುಗಿಸಿ ಬಂದವಳು, ಹಳೆಯ ಡಾಸ್ ಯಂತ್ರದಂತೆ ನಟಿಸುವ ಒಂದು ಪ್ರೋಗ್ರಾಮನ್ನು ಇಳಿಸಿಕೊಟ್ಟಳು. ಅದರೊಳಗೆ ಲೋಟಸ್ ಎದ್ದಿತು. ಕಪ್ಪು ಪರದೆಯ ಮೇಲೆ ತಂದೆಯ ಸಾಲುಗಳು ಅಂದಿದ್ದಂತೆಯೇ ಬಂದು ನಿಂತವು. ಕನ್ನಡ ಬರೆಯಲು ಬಾರದ ಕಾಲದ ಅಕ್ಷರಗಳಲ್ಲಿ ಕೊನೆಯ ಸಾಲು: SAPTAMI ANTYA 4-02.

“ಅಯ್ಯ, ಇಷ್ಟಕ್ಕ ಅಜ್ಜ ಮತ್ತ ಕಾಕಾ ಅಜ್ಜ ಮಾತು ಬಿಟ್ಟಾರೇನಪ್ಪಾ?” ಅಂದಳು ಶೀತಲ.

“ಇಷ್ಟಕ್ಕ ಅಲ್ಲವಾ.”

“ಮತ್ತ?”

ಮುಕುಂದ ಪ್ರಿಂಟ್ ಒತ್ತಿದ. ಪ್ರೋಗ್ರಾಮು ಅಂದಿನ ದಪ್ಪ ಕೇಬಲ್ಲಿನ ಪ್ರಿಂಟರನ್ನು ಹುಡುಕಿ, ಸಿಗದೆ, ಸುಮ್ಮನೆ ನಿಂತಿತು. ಪಕ್ಕದಲ್ಲೇ ಬಿಳಿಯ ಲೇಸರ್ ಪ್ರಿಂಟರು ಹಸಿರು ದೀಪ ಹೊತ್ತಿಸಿಕೊಂಡು ಕಾಯುತ್ತಿತ್ತು. ಎರಡರ ನಡುವೆ ಒಂದು ಮೊಳ ಅಂತರ. ಒಂದರ ಮಾತು ಇನ್ನೊಂದಕ್ಕೆ ಮುಟ್ಟಲಿಲ್ಲ.

ಎರಡು ವಾರ ಹೀಗೇ ಹೋಯಿತು. ಕಾಗದಕ್ಕೆ ಕಳಿಸುವ ಬದಲು ಫೈಲಿಗೆ ಕಳಿಸಿ, ಆ ಫೈಲನ್ನು ಮುದ್ರಿಸಿದರೆ ಗೆರೆಗಳಿದ್ದಲ್ಲೆಲ್ಲ ಯಾವುದೋ ದೇಶದ ಕೊಂಬಿನ ಅಕ್ಷರಗಳು ಬಂದವು. ಅವನ್ನು ಸರಿಪಡಿಸಿದರೆ ಅಗಲದ ಸಾಲು ತುಂಡಾಗಿ, ಚಂದ್ರ ಒಂದು ಹಾಳೆಗೆ, ಸೂರ್ಯ ಇನ್ನೊಂದಕ್ಕೆ, ತಿಥಿ ಮೂರನೆಯದಕ್ಕೆ ಬಿತ್ತು. ಹಾಳೆ ಅಡ್ಡ ಮಾಡಿದರೆ ಕೊನೆಯ ಕಾಲಮ್ಮು ಮಾಯ.

“ಒಂದು ರೀಮ್ ಮುಗೀತು,” ಅಂಗಡಿಗೆ ಬುತ್ತಿ ಡಬ್ಬಿ ತಂದಾಗ ವರದಾ ಅಂದಳು. “ಮುಂಜಾನಿಂದ ಗಿರಾಕಿ ಬಂದು ಬಂದು ಹೋಗ್ಯಾರಂತ. ಅಪ್ಪನ ಹಟಾ ಮಗನ ಕೈಯಾಗ.”

“ಹಟಾ ಅಲ್ಲ. ಕಾಕಾ ಸಾಯಲಿಕ್ಕೆ ಬಿದ್ದಾರ.”

“ಸಾಯಲಿಕ್ಕೆ ಬಿದ್ದವರಿಗೆ ಕಾಗದ ಯಾಕ ಬೇಕ್ರಿ? ಒಂದು ಸಲ ಹೋಗಿ ಮಾರಿ ತೋರಿಸಿ ಬಂದ್ರ ಆಗೂದಿಲ್ಲಾ?”

“ನೀ ಹೇಳು ಅವರಿಗೆ.”

“ನಾ ಸೊಸಿ. ನೀವು ಮಗಾ.”

ಮನೆಯಲ್ಲಿಯೂ ಅದೇ ಮಾತು ನಡೆದಿತ್ತು. ಕಮಲಾಬಾಯಿ ಗಂಡನ ಮುಂದೆ ಚಹಾದ ಕಪ್ಪು ಕುಕ್ಕಿದರು. “ಸೋಮವಾರ ಅವಂಗ ಭಾಳ ತ್ರಾಸ ಆಗಿತ್ತಂತ. ಕಾಲು ಬಾತಾವಂತ. ನಡೀರಿ ಹೋಗಿಬರೋಣು.”

“ಕಾಗದ ಬರಲಿ.”

“ಕಾಗದ ಬರೂ ತನಕಾ ಅಂವಾ ಇರಬೇಕಲ್ಲ!”

“ಇರತಾನ. ಅಂವಾ ನನ್ನ ತಮ್ಮ. ಹಟಾ ಬಿಡೂದಿಲ್ಲ,” ಎಂದರು ಮಾಸ್ತರರು. ಹೇಳುವಾಗ ಅವರ ಮುಖದಲ್ಲಿ ಒಂಥರದ ಹೆಮ್ಮೆ ಇತ್ತು. ಮರುಗಳಿಗೆ ಕಪ್ಪು ಓರೆಯಾಗಿ ಚಹಾ ಧೋತರದ ಮೇಲೆ ಚೆಲ್ಲಿತು.

*

ಮೂರನೆಯ ವಾರ, ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು. ಮುಕುಂದ ಲೋಟಸ್ಸಿನ ಮುದ್ರಣದ ಆಯ್ಕೆಗಳಲ್ಲಿ ಒಂದೊಂದನ್ನೇ ಒತ್ತಿ ನೋಡುತ್ತಿದ್ದ. ಒಂದನ್ನು ಒತ್ತಿ ಕಳಿಸಿದ. ಫೈಲು ತೆರೆದು ಪ್ರಿಂಟ್ ಕೊಟ್ಟರೆ ಹಾಳೆಗಳು ಒಂದರ ಹಿಂದೊಂದು ಬರತೊಡಗಿದವು. ನಿಲ್ಲಲೇ ಇಲ್ಲ. ಕಾಣುವ ಅಂಕಿಗಳ ಬದಲು, ಕೋಷ್ಟಕದ ಪ್ರತಿ ಮನೆಯೊಳಗೆ ಏನು ಬರೆದಿದೆಯೋ ಅದನ್ನು ಸಾಲಿಗೊಂದರಂತೆ ಪಟ್ಟಿ ಮಾಡಿ ಕೊಡುವ ಆಯ್ಕೆ ಅದು. ಹಿಂದಿನ ಸೂತ್ರಗಳೆಲ್ಲ ಹೊರಗೆ ಬಿದ್ದವು. ಹನ್ನೊಂದು ಹಾಳೆ.

ಶೀತಲ ಕೂತು ಅವನ್ನು ಜೋಡಿಸುತ್ತಿದ್ದಳು. “ಅಪ್ಪಾ, ಇದೊಂದು ಎಲ್ಲೋ ಬಲಕ್ಕ ದೂರ ಅದ. ಪ್ರಿಂಟಿನ ಗೆರಿ ಹೊರಗ. ದೇಶಾಂತರ ಅಂದ್ರ ಏನು? ಮೈನಸ್ ಇಪ್ಪತ್ತೊಂಬತ್ತು ಅಂತ ಅದ.”

ಮುಕುಂದ ಹಾಳೆಯನ್ನು ತೆಗೆದುಕೊಂಡ. AC3 ಎಂಬ ಮನೆಯಲ್ಲಿ -29.

ತಂದೆಯ ಪುಸ್ತಕ ಡ್ರಾಯರಿನಲ್ಲಿತ್ತು, ಅಂದು ಅವರು ಲೆಕ್ಕದ ರೀತಿಯನ್ನು ಬರೆದುಕೊಂಡಿದ್ದ ನೂರು ಪುಟದ ನೋಟ್ ಬುಕ್ಕು. ತೆಗೆದು ನೋಡಿದ. ಹಳದಿಯಾದ ಪುಟ, ದುಂಡನೆಯ ಅಕ್ಷರ. ದೇಶಾಂತರ: ಲೆಕ್ಕದಿಂದ ಬರುವ ವೇಳೆ ಊರಿನ ಸೂರ್ಯನದು, ಗಡಿಯಾರದ ವೇಳೆ ದೇಶದ್ದು, ಸವದತ್ತಿಯ ಸೂರ್ಯನಿಗಿಂತ ಗಡಿಯಾರ ಇಪ್ಪತ್ತೊಂಬತ್ತು ನಿಮಿಷ ಮುಂದೆ, ಆದ್ದರಿಂದ ಕೊನೆಯಲ್ಲಿ ಕೂಡಿಸಬೇಕು. ಕೂಡಿಸಬೇಕು ಎಂಬುದರ ಕೆಳಗೆ ಎರಡು ಗೆರೆ. ಅದರ ಮುಂದೆ ಸ್ಪಷ್ಟವಾಗಿ, +29.

ಅವನಿಗೆ ಆ ಸಂಜೆ ನೆನಪಾಯಿತು. ಶಾಲೆಯ ಕಂಪ್ಯೂಟರ್ ಕೋಣೆ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ತಂದೆ ಚಹಾ ಕುಡಿಯಲು ಹೊರಗೆ ಹೋಗಿದ್ದರು. ಮುಕುಂದ ಈ ಪುಟವನ್ನು ನೋಡಿ ಟೈಪ್ ಮಾಡುತ್ತಿದ್ದ. ಸವದತ್ತಿ ಪಶ್ಚಿಮಕ್ಕಿದೆ, ಇಲ್ಲಿ ಎಲ್ಲವೂ ತಡ, ಅಂದಮೇಲೆ ಕಳೆಯಬೇಕಲ್ಲವೇ, ಅಪ್ಪ ತಪ್ಪಿದ್ದಾರೆ ಅನ್ನಿಸಿತು. ಹತ್ತೊಂಬತ್ತರ ವಯಸ್ಸು. ಊರಿಗೆಲ್ಲ ಗಣಿತ ಕಲಿಸಿದ ತಂದೆಯ ತಪ್ಪನ್ನು ತಾನು ಹಿಡಿದೆನೆಂಬ ಖುಷಿ. ಪ್ಲಸ್ ಇದ್ದಲ್ಲಿ ಮೈನಸ್ ಒತ್ತಿದ. ಅವರು ಬಂದ ಮೇಲೆ ಹೇಳಬೇಕೆಂದಿದ್ದ. ಅವರು ಬಂದರು, ಪರದೆ ನೋಡಿದರು, ಅಷ್ಟಮಿ ಎಂದು ಕೂಗಿ ಅವನ ಬೆನ್ನು ತಟ್ಟಿದರು. ತಂದೆ ಅವನ ಬೆನ್ನು ತಟ್ಟಿದ್ದು ಅದೊಂದೇ ಸಲ. ಆಮೇಲೆ ಪರೀಕ್ಷೆ, ನೌಕರಿಯ ಓಡಾಟ, ಮದುವೆ. ಆ ಗುಂಡಿ ಒತ್ತಿದ ಬೆರಳು ಅದನ್ನು ಮರೆತೇಬಿಟ್ಟಿತ್ತು.

“ಮೈನಸ್ ಯಾಕಪ್ಪಾ?” ಶೀತಲ ಮತ್ತೆ ಕೇಳಿದಳು.

“ಅದು ಹಂಗ ಇರೂದು.”

ಅವಳು ಹಾಳೆಗಳನ್ನು ಪಿನ್ನು ಹಾಕಿ ಇಟ್ಟು, ಬಸ್ ನಿಲ್ದಾಣಕ್ಕೆ ಗೆಳತಿಯೊಬ್ಬಳನ್ನು ಕಳಿಸಲು ಹೋದಳು. ಮುಕುಂದ ಪರದೆಯಲ್ಲಿ AC3ಕ್ಕೆ ಹೋದ. ಮೈನಸ್ ಅಳಿಸಿ ಪ್ಲಸ್ ಒತ್ತಿದ. ಕೊನೆಯ ಸಾಲು ಕಣ್ಣೆದುರೇ ಬದಲಾಯಿತು: 5-00. ಸುಭಾಸ ಕಾಕಾನ ಪಂಚಾಂಗಕ್ಕೂ ತಂದೆಯ ಗಣಿತಕ್ಕೂ ಮೂರೇ ನಿಮಿಷದ ಅಂತರ. ಅಜ್ಜಿ ಹೋದದ್ದು ಸಪ್ತಮಿಗೆ. ತಂದೆಯ ಗಣಿತವೂ ಸರಿ, ಕಾಕಾನ ಮಾತೂ ಸರಿ. ನಡುವೆ ತಪ್ಪಿದ್ದು ಒಬ್ಬನೇ.

ಮತ್ತೆ ಮೈನಸ್ ಒತ್ತಿದ. 4-02. ಪ್ಲಸ್. 5-00. ಎಷ್ಟು ಸಲ ಹೀಗೆ ಮಾಡಿದನೋ. ಒಬ್ಬ ಗಿರಾಕಿ ಬಂದು ರೇಷನ್ ಕಾರ್ಡಿನ ಎರಡು ಪ್ರತಿ ಕೇಳಿದ. ಕೊಟ್ಟು ಬಂದು ಮತ್ತೆ ಕೂತ.

ಹೇಳಿಬಿಡಬೇಕು ಎಂದುಕೊಂಡೇ ಆ ದಿನ ಮನೆಗೆ ಹೋದ. ಮಾಸ್ತರರು ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಕಣ್ಣಿಲ್ಲದಿದ್ದರೂ ಬೆರಳು ಕಾಳನ್ನು ಹುಡುಕುತ್ತಿದ್ದವು.

“ಅಪ್ಪಾ, ಆ ಲೆಕ್ಕದಾಗ ಎಲ್ಲೆರೆ ಏನರೆ ತಪ್ಪು ಇದ್ದೀತೇನು?”

ಬೆರಳು ನಿಂತವು. “ನನ್ನ ಗಣಿತದಾಗ?”

“ಅಲ್ಲಾ... ಟೈಪ್ ಮಾಡೂದರಾಗ.”

“ಟೈಪ್ ನೀ ಮಾಡಿದಿ. ನಾ ಹಿಂದ ನಿಂತು ನೋಡೀನಿ. ಆ ಕೆಲಸಾ ಒಂದರೆ ನೀ ಬರೋಬ್ಬರಿ ಮಾಡಿದಿ ಅಂತ ನಾ ಇವತ್ತಿಗೂ ಹೇಳತೀನಿ.” ಮತ್ತೊಂದು ಕಾಯಿ ಕೈಗೆತ್ತಿಕೊಂಡು, ಯಾರಿಗೋ ಹೇಳುವಂತೆ ಅಂದರು, “ತಪ್ಪಿದ್ದರ ಇಪ್ಪತ್ತೆಂಟು ವರ್ಷ ನಾ ನನ್ನ ತಮ್ಮನ ಮಾರಿ ನೋಡಲಾರದ ಕೂತದ್ದು ಏನಾಗಬೇಕೋ? ಎರಡು ಹುಡಿಗ್ಯಾರ ಲಗ್ನಕ್ಕ ಹೋಗಲಿಲ್ಲ. ಅಕ್ಕಿಕಾಳು ಹಾಕಲಿಲ್ಲ.”

ಕಮಲಾಬಾಯಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಮುಕುಂದ ಅವರೆಕಾಯಿಯ ಸಿಪ್ಪೆಗಳನ್ನು ಬಳಿದು ಬುಟ್ಟಿಗೆ ಹಾಕಿ ಎದ್ದ.

ಮರುದಿನ ಹತ್ತು ಗಂಟೆಗೆ ಮಾಸ್ತರರು ಕೋಲು ಊರಿಕೊಂಡು ತಾವೇ ಅಂಗಡಿಗೆ ಬಂದರು. ಹಿಂದೆ ಕಮಲಾಬಾಯಿ, ಕೈಚೀಲ ಹಿಡಿದು. ಸುಭಾಸನನ್ನು ರಾತ್ರಿ ದವಾಖಾನೆಗೆ ಒಯ್ದು ತಂದಿದ್ದರಂತೆ.

“ಇವತ್ತ ಹೋಗೂದು,” ಅಂದರು ಮಾಸ್ತರರು. “ಕಾಗದ ಆತೇನು?”

ಹಾಳೆ ಸಿದ್ಧವಿತ್ತು. ಬೆಳಿಗ್ಗೆಯಷ್ಟೇ ಅಕ್ಷರ ಚಿಕ್ಕದು ಮಾಡಿ, ಹಾಳೆ ಅಡ್ಡ ಮಾಡಿ, ಗೆರೆಗಳ ಜಾಗದಲ್ಲಿ ಅಡ್ಡಗೀಟು ಇಟ್ಟು, ಅಂತೂ ಒಂದೇ ಪುಟಕ್ಕೆ ತಂದಿದ್ದ. ಒಂದರಲ್ಲಿ ಮೈನಸ್, ಒಂದರಲ್ಲಿ ಪ್ಲಸ್, ಎರಡು ಹಾಳೆ ತೆಗೆದಿದ್ದ. ಪ್ಲಸ್ಸಿನದು ಮೇಜಿನ ಮೇಲೆ ಅವನ ಮೊಣಕೈ ಕೆಳಗಿತ್ತು. ಇನ್ನೊಂದು ಪ್ರಿಂಟರಿನ ತಟ್ಟೆಯಲ್ಲೇ ಇತ್ತು. ಮಾಸ್ತರರು ತಡವರಿಸುತ್ತ ಕೈ ಚಾಚಿದರು. ಕೈಗೆ ಸಿಕ್ಕಿದ್ದು ತಟ್ಟೆಯದು.

“ಓದು. ಕೊನೀ ಸಾಲು ಓದು.”

ಮುಕುಂದ ಓದಿದ. “ಸಪ್ತಮಿ ಅಂತ್ಯ, ನಾಲ್ಕು ಗಂಟಿ ಎರಡು ನಿಮಿಷ.”

ಮಾಸ್ತರರು ಕಣ್ಣು ಮುಚ್ಚಿದರು. ಹಾಳೆಯನ್ನು ಮಡಚದೆ, ಎದೆಗೆ ಹಿಡಿದು, ಹೊರಗಿನ ಬಿಸಿಲಲ್ಲಿ ಹೋಗಿ ನಿಂತರು. ಮುಕುಂದ ಮೊಣಕೈ ಕೆಳಗಿನ ಹಾಳೆಯನ್ನು ಚೂರು ಮಾಡಿದ.

*

ರಾಮದುರ್ಗದ ಮನೆಯಲ್ಲಿ ಸುಭಾಸನ ಹೆಂಡತಿ, ಮುಕುಂದನ ಕಾಕು, ಬಾಗಿಲು ತೆಗೆದವಳು ಮಾಸ್ತರರನ್ನು ಕಂಡು ಸೆರಗು ಬಾಯಿಗೆ ಹಿಡಿದು ಒಳಕ್ಕೆ ಓಡಿದಳು. ಸುಭಾಸ ಮಂಚದ ಮೇಲೆ ದಿಂಬಿಗೆ ಒರಗಿದ್ದ. ಮುಖ ಬಾತು ಗುರುತು ಹತ್ತದಂತಾಗಿತ್ತು. ಅಣ್ಣನನ್ನು ಕಂಡು ಏಳಲು ಹೋದ.

“ಕುಂಡ್ರೋ, ಕುಂಡ್ರು,” ಮಾಸ್ತರರು ಮಂಚದ ಅಂಚು ತಡವಿ ಕೂತರು. “ತಗೋ. ಕೇಳಿದ್ದಿಯಲ್ಲಾ.”

“ಇಷ್ಟು ಗಡಬಡಿಸಿ ಯಾಕ ತಂದಿ? ಇನ್ನೊಂದು ಇಪ್ಪತ್ತೆಂಟು ವರ್ಷ ಬಿಟ್ಟು ಕೊಡತಿದ್ದಿ,” ಅಂದ ಸುಭಾಸ. ಎಲ್ಲರೂ ನಕ್ಕರು. ಕಾಕು ನಗುತ್ತಲೇ ಅತ್ತಳು.

ಭೂತಗನ್ನಡಿ ತರಿಸಿಕೊಂಡು ಸುಭಾಸ ಓದಿದ. ಪೋಸ್ಟ್ ಆಫೀಸಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು, ಸಾಲು ಬಿಡದೆ ಬೆರಳು ಇಟ್ಟು ಓದಿದ. ಕೊನೆಯ ಸಾಲಿಗೆ ಬಂದು ಬೆರಳು ನಿಂತಿತು.

“ಮುಕುಂದಾ, ಇದು ಅವತ್ತಿಂದೇ ಏನು? ಏನೂ ಬದಲಿ ಮಾಡಿಲ್ಲಲ್ಲಾ?”

“ಇಲ್ಲ ಕಾಕಾ. ಅವತ್ತ ಹೆಂಗಿತ್ತೋ ಹಂಗ ಅದ.”

ಅದು ಸುಳ್ಳಾಗಿರಲಿಲ್ಲ.

ಸುಭಾಸ ಭೂತಗನ್ನಡಿ ಇಟ್ಟ. “ಹಂಗಾರ ಇಷ್ಟು ವರ್ಷ ಅವ್ವಗ ನಾ ಹಾಕಿದ್ದು ಮುಟ್ಟಲೇ ಇಲ್ಲ.”

“ಹಂಗ್ಯಾಕ ಅಂತೀಯೋ.”

“ತಿಥಿ ತಪ್ಪಿದ ಊಟ ಅಣ್ಣಾ. ಬಾಗಲಾ ಹಾಕಿದ ಮನಿ ಮುಂದ ಎಲಿ ಹಾಕಿದಂಗ.” ಬಾತ ಕಾಲುಗಳನ್ನು ಕೆಳಗೆ ಇಳಿಬಿಟ್ಟು, ಯಾರು ತಡೆಯುವ ಮೊದಲೇ ಬಾಗಿ ಅಣ್ಣನ ಪಾದ ಹಿಡಿದ. “ನಂದ ತಪ್ಪು. ನಾ ನಿನ್ನ ನಂಬಬೇಕಾಗಿತ್ತು.”

“ಏಳೋ ಹುಚ್ಚಾ,” ಎಂದರು ಮಾಸ್ತರರು. ಅವರ ಮಂಜುಗಣ್ಣಿನಿಂದ ನೀರು ಹರಿಯುತ್ತಿತ್ತು. ಮುಖದಲ್ಲಿ, ಮುಕುಂದ ಎಂದೂ ನೋಡಿರದ ಒಂದು ಹಗುರು ಇತ್ತು. “ಆತು ಬಿಡು. ತಪ್ಪು ಯಾರು ಮಾಡೂದಿಲ್ಲ?”

ಕಾಕು ಚಹಾ ತಂದಳು. ಮುಕುಂದ ಕುಡಿದ. ಸಕ್ಕರೆ ಹಾಕಲು ಅವಳು ಮರೆತಿದ್ದಳು.

*

ಪುಷ್ಯ ಬಹುಳ ಷಷ್ಠಿಗೇ ಸುಭಾಸ ಮತ್ತು ಕಾಕು ಸವದತ್ತಿಗೆ ಬಂದರು. ಶ್ರಾದ್ಧ ಅಷ್ಟಮಿಗೆ. ನಡುವಿನ ಸಪ್ತಮಿಯ ದಿನ ಮನೆಯಲ್ಲಿ ಎಂದಿನಂತೆ ಬೆಳಗಾಯಿತು. ನೆಗೆಣ್ಣಿಯರಿಬ್ಬರೂ ಅಡುಗೆಮನೆಯಲ್ಲಿ ಮರುದಿನದ ವಡೆಗೆ ಬೇಳೆ ಆರಿಸುತ್ತ, ಇಪ್ಪತ್ತೆಂಟು ವರ್ಷದ ಮಾತನ್ನು ಒಂದೇ ದಿನ ಮುಗಿಸುವವರಂತೆ ಮಾತಾಡುತ್ತಿದ್ದರು. ವರದಾ ತಿಂಡಿಗೆ ಅವಲಕ್ಕಿ ಮಾಡಿದಳು, ಉಳ್ಳಾಗಡ್ಡಿ ಹಾಕಿ.

ತಾಟು ಮುಂದೆ ಬಂದಾಗ ಸುಭಾಸ ಕೈ ಚಾಚಿ ಹಿಂದೆಗೆದ. ಇಷ್ಟು ವರ್ಷ ಈ ದಿನ ಈ ಹೊತ್ತಿಗೆ ಅವನು ಹಸಿದ ಹೊಟ್ಟೆಯಲ್ಲಿ, ಒದ್ದೆ ಧೋತರದಲ್ಲಿ ಇರುತ್ತಿದ್ದ.

“ಯಾಕೋ?” ಅಂದರು ಮಾಸ್ತರರು.

“ಏನಿಲ್ಲಾ. ಕೈಗೆ ರೂಢಿ ಇಲ್ಲ.”

“ಉಳ್ಳಾಗಡ್ಡಿ ತಗದು ಕೊಡಲೇನ್ರಿ ಕಾಕಾ?” ವರದಾ ಕೇಳಿದಳು.

“ಬ್ಯಾಡವಾ. ಇವತ್ತ ಏನದ? ಇವತ್ತ ಏನೂ ಇಲ್ಲ.” ಒಂದು ತುತ್ತು ಬಾಯಿಗಿಟ್ಟು ನಿಧಾನಕ್ಕೆ ಅಗಿದ. “ನಿನ್ನ ಕೈಯಾಗ ರುಚಿ ಅದ.”

ಎದುರು ಕೂತ ಮುಕುಂದನ ತಾಟಿನಲ್ಲಿ ಅವಲಕ್ಕಿ ಆರಿಹೋಯಿತು. “ನೀವ್ಯಾಕ ಉಣವಲ್ರಿ?” ಎಂದು ವರದಾ ಕೇಳಿದಾಗ ಹೊಟ್ಟೆ ಸರಿಯಿಲ್ಲ ಅಂದ. ಆ ದಿನ ಸಂಜೆಯವರೆಗೆ ಅವನು ಏನೂ ತಿನ್ನಲಿಲ್ಲ. ಸಪ್ತಮಿಗೆ ಆ ಮನೆಯಲ್ಲಿ ಉಪವಾಸ ಇದ್ದವನು ಅವನೊಬ್ಬನೇ.

ಮರುದಿನ ಅಣ್ಣ ತಮ್ಮ ಅಕ್ಕಪಕ್ಕ ಮಣೆ ಹಾಕಿಕೊಂಡು ಕೂತರು. ಪಿಂಡ ಇಡುವಾಗ ಸುಭಾಸನ ಕೈ ನಡುಗಿದರೆ ಮಾಸ್ತರರು ಹಿಡಿದುಕೊಂಡರು, ಅವರಿಗೆ ಕಾಣದಿದ್ದರೆ ಸುಭಾಸ ತೋರಿಸಿದ. ಹಿತ್ತಲಿನಲ್ಲಿ ಕಾಗೆಗೆ ಇಟ್ಟದ್ದನ್ನು ಕಾಗೆ ಬೇಗ ಮುಟ್ಟಲಿಲ್ಲ. “ದಾರಿ ತಪ್ಪಿರಬೇಕು,” ಅಂದರು ಕಮಲಾಬಾಯಿ. ಒಂದು ತಾಸಿನ ಮೇಲೆ ಬಂದು ಮುಟ್ಟಿತು. ಎಲ್ಲರೂ ಕೈಮುಗಿದರು.

ಶಿವರಾತ್ರಿಗೆ ಮೊದಲೇ ಸುಭಾಸ ತೀರಿಕೊಂಡ. ರಾಮದುರ್ಗದಲ್ಲಿ ದಿನಕರ್ಮಗಳೆಲ್ಲ ಮುಗಿದ ಮೇಲೆ ಕಾಕು ಆ ಹಾಳೆಯನ್ನು ಮರಳಿ ತಂದುಕೊಟ್ಟಳು. ದಿಂಬಿನ ಕೆಳಗೆ ಇಟ್ಟುಕೊಂಡಿದ್ದನಂತೆ. ಮಡಿಕೆಗಳಲ್ಲಿ ಅಕ್ಷರ ಮಾಸಿತ್ತು. ಮಾಸ್ತರರು ಅದನ್ನು ಮುಕುಂದನ ಕೈಗಿತ್ತು, “ಇದಕ್ಕ ಪ್ಲಾಸ್ಟಿಕ್ ಹೊಚ್ಚಿಕೊಡು. ಕೆಡಬಾರದು,” ಅಂದರು.

ಅಂಗಡಿಯಲ್ಲಿ ಲ್ಯಾಮಿನೇಷನ್ ಯಂತ್ರ ಬಿಸಿಯಾಗುವವರೆಗೆ ಮುಕುಂದ ಹಾಳೆಯನ್ನು ಬೆರಳಿನಿಂದ ತೀಡಿ ನೇರ ಮಾಡುತ್ತ ಕೂತ. ಯಂತ್ರ ಅದನ್ನು ಒಂದು ಬದಿಯಿಂದ ನುಂಗಿ ಇನ್ನೊಂದು ಬದಿಯಿಂದ ಗಟ್ಟಿಯಾಗಿ, ಹೊಳೆಯುತ್ತ ಹೊರಗೆ ಬಿಟ್ಟಿತು. ಈಗ ಅದು ದೇವರಕೋಣೆಯ ಗೋಡೆಯ ಮೇಲೆ, ಸೀಸಪೆನ್ಸಿಲಿನ ನಾಲ್ಕು ಇಪ್ಪತ್ತರ ಪಕ್ಕದಲ್ಲಿ ತೂಗುತ್ತಿದೆ. ಮಾಸ್ತರರು ಸಂಧ್ಯಾವಂದನೆ ಮುಗಿಸಿ ಏಳುವಾಗ ಅದನ್ನು ಕೈಯಿಂದ ಮುಟ್ಟಿ ಏಳುತ್ತಾರೆ.

ಪ್ಲಸ್ ಇದ್ದಲ್ಲಿ ಮೈನಸ್ ಒತ್ತಿದವನು ತಾನೆಂದು ಮುಕುಂದ ಕಾಕಾನಿಗೆ ಹೇಳಲಿಲ್ಲ. ತಂದೆಗೂ ಹೇಳಲಿಲ್ಲ.